ಲಾಲ್ ಅಹ್ಮದರ ಪೆಂಟಾಕ್ಸ್

ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ನಮ್ಮತ್ತೆ ಇರುವ ತನಕ ಹೇಳುತ್ತಿದ್ದರು. ಆದರೆ ಇಲ್ಲಿ ಹೇಳದೆ ಗತಿಯಿಲ್ಲ. ಕಲ್ಯಾಣಪ್ಪ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ನಾನು ಉಮಾದೇವಿ, ಸೇಡಂನ ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮ ಮನೆಗೆ ಬಂದವರು ಮೊದಲು ನೋಡುವುದು ನನ್ನನ್ನಲ್ಲ, ಇವರ ಗಾಜಿನ ಕಪಾಟನ್ನು. ಅದರ ತುಂಬ ಕ್ಯಾಮೆರಾಗಳು. ಡಬ್ಬಿಯಂಥವು, ಮೇಲಿನಿಂದ ಬಗ್ಗಿ ನೋಡುವಂಥವು, ರಷ್ಯಾದವು, ಜಪಾನಿನವು, ಯಾರೋ ಬಳಸಿ ಬಿಟ್ಟವು, ಪೆಟ್ಟಿಗೆಯಿಂದ ಇನ್ನೂ ಹೊರಬರದವು. ನನ್ನ ಮದುವೆಯ ಸ್ಟೀಲ್ ಡಬ್ಬಿಗಳಲ್ಲಿ ತೊಗರಿಬೇಳೆ ಇರಬೇಕಾದ ಕಡೆ ಲೆನ್ಸುಗಳಿವೆ. ತೇವದ ಗಾಳಿ ತಾಗಿದರೆ ಅವಕ್ಕೆ ಬೂಷ್ಟು ಹಿಡಿಯುತ್ತದಂತೆ. ಬೇಳೆಗೆ ಹುಳ ಬಿದ್ದರೆ ಮಾತ್ರ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಇದ್ದೂ ಫೋಟೋ ತೆಗೆಯುತ್ತಾರಾ ಎಂದರೆ, ಇಲ್ಲ. ಕೊಳ್ಳುವುದು, ಬಿಚ್ಚುವುದು, ಒರೆಸುವುದು, ಮತ್ತೆ ಇಡುವುದು. ತಿಂಗಳಿಗೊಮ್ಮೆ ರೈಲು ಹತ್ತಿ ಹೈದರಾಬಾದಿನ ಹಳೆ ಸಾಮಾನಿನ ಬಜಾರಿಗೆ ಹೋಗುವುದು. ಉಳಿದ ಹೊತ್ತು ಫೋನಿನಲ್ಲಿ ಇವರಂಥವರದೇ ಒಂದು ಗುಂಪು. ಕಲಬುರಗಿ, ಸೊಲ್ಲಾಪುರ, ವಾಡಿ, ಎಲ್ಲ ಕಡೆಯವರೂ ಅದರಲ್ಲಿದ್ದಾರೆ. ಅಲ್ಲಿ ಇವರೇ ಗುರುಗಳು. ಯಾರಾದರೂ ಹಳೆ ಕ್ಯಾಮೆರಾ ಕೊಳ್ಳಲು ಹೊರಟರೆ ಇವರ ಮೊದಲ ಉಪದೇಶ ಒಂದೇ: ಬೆನ್ನಿನ ಬಾಗಿಲು ತೆರೆಯುವ ಮುಂಚೆ ಎಡಗಡೆಯ ಗುಂಡಿಯನ್ನು ತುಸು ತಿರುಗಿಸಿ ನೋಡಿ. ಬಿಗಿ ಬಂದರೆ ಒಳಗೆ ಫಿಲ್ಮ್ ಇದೆ, ತೆರೆಯಬೇಡಿ, ಬೆಳಕು ಬಿದ್ದರೆ ಎಲ್ಲ ಸುಟ್ಟುಹೋಗುತ್ತದೆ. ಇದನ್ನು ಇವರು ನಿದ್ದೆಯಲ್ಲೂ ಹೇಳಬಲ್ಲರು.

ಇವರ ಜೀವ ಸಿಕ್ಕಿಬಿದ್ದದ್ದು ಚಿತ್ತಾಪುರದ ಒಂದು ಪೆಂಟಾಕ್ಸ್ ಕ್ಯಾಮೆರಾದ ಮೇಲೆ. ಅದು ಸ್ಟೇಷನ್ ರಸ್ತೆಯ ಫೋಟೋ ಸ್ಟುಡಿಯೋದ ಲಾಲ್ ಅಹ್ಮದರದು. ಸ್ಟುಡಿಯೋ ಎಂದರೆ ಈಗ ಝೆರಾಕ್ಸ್ ಮಶೀನು, ಪಾಸ್‌ಪೋರ್ಟ್ ಸೈಜ್ ಫೋಟೋ, ಅಷ್ಟೇ. ಶಹಾಬಾದ ಕಲ್ಲಿನ ನೆಲ, ಗೋಡೆಗೆ ಬಣ್ಣ ಮಾಸಿದ ಒಂದು ತೋಟದ ಪರದೆ. ಕ್ಯಾಮೆರಾ ಮಾತ್ರ ಕಪ್ಪು ಚರ್ಮದ ಚೀಲದಲ್ಲಿ ಗಲ್ಲಾದ ಪಕ್ಕದಲ್ಲೇ ಇರುತ್ತಿತ್ತು. ಇವರು ಮೊದಲ ಸಲ ಕೇಳಿದಾಗ ನಾನೂ ಜೊತೆಗಿದ್ದೆ.

"ಇದು ಮಾರೋ ಸಾಮಾನಲ್ರಿ ಕಲ್ಯಾಣಪ್ಪನೋರ. ಇದರಾಗ ಅರ್ಧ ಚಿತ್ತಾಪುರದ ಲಗ್ನ ಆಗ್ಯಾವ," ಎಂದರು ಲಾಲ್ ಅಹ್ಮದರು.

"ಮಾರಬ್ಯಾಡ್ರಿ ಚಾಚಾ. ಒಂದ್ಸಲ ಹೊಡದರ ನೋಡೂಣ್ರಿ, ಚಾಲೂ ಅದನೋ ಇಲ್ಲೋ ಗೊತ್ತಾಗ್ಲಿ."

ಬೆಣ್ಣೆ ಹಚ್ಚುವುದರಲ್ಲಿ ನಮ್ಮವರು ಮೊದಲಿನಿಂದ ಜಾಣರು. ಕಪ್ಪು ಬಿಳುಪಿನ ಒಂದು ಹೊಸ ರೋಲ್ ತಾವೇ ಕಾಣಿಕೆಯಾಗಿ ಕೊಟ್ಟರು. ಲಾಲ್ ಅಹ್ಮದರು ಅದನ್ನು ಹಾಕಿ, ಇವರನ್ನು ಆ ಮಾಸಿದ ತೋಟದ ಮುಂದೆ ನಿಲ್ಲಿಸಿ, ನಾಲ್ಕು ಫೋಟೋ ತೆಗೆದರು. ಆಗ ಒಳಗಿನಿಂದ ತಾಜುನ್ನಿಸಾ, ಅವರ ಹೆಂಡತಿ, ನನ್ನನ್ನು ಕರೆದು ಚಹಾ ಕೊಟ್ಟಳು. ಗಂಡಸರ ಮುಂದೆ ಬರುವ ಹೆಂಗಸಲ್ಲ. ನನ್ನ ಜೊತೆ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಭಾಳ ನಕ್ಕಳು. "ಊರ ಮಂದೀದೆಲ್ಲ ತೆಗೀತಾರ ಅಕ್ಕಾ, ನಂದು ಮಾತ್ರ ನಾ ಕೊಟ್ಟಿಲ್ಲ," ಎಂದಳು. ಫೋಟೋಗ್ರಾಫರನ ಹೆಂಡತಿಗೆ ಫೋಟೋ ಇಲ್ಲವೆಂದು ನಾನೂ ನಕ್ಕೆ.

ಆಧಾರ್ ಕಾರ್ಡಿನಲ್ಲಿ ಇರುತ್ತದಲ್ಲ ಎನ್ನಬಹುದು. ಇದೆ. ಬೆದರಿದ ಕಣ್ಣು, ಬಿಗಿದ ತುಟಿ. ಅದು ಅಕಿ ಅಲ್ಲ ಎಂದು ಲಾಲ್ ಅಹ್ಮದರು ಆಮೇಲೆ ಒಮ್ಮೆ ಹೇಳಿದರು. ಜೀವಮಾನವಿಡೀ ಮುಖಗಳನ್ನೇ ನೋಡಿದ ಮನುಷ್ಯ ಹಾಗೆಂದರೆ ನಂಬಬೇಕು.

ಮುಂದಿನದು ನಮಗೆ ತಿಳಿದದ್ದು ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾವು ಬಂದು ಹೋದ ಕೆಲವು ದಿನಕ್ಕೆ, ರೋಲಿನಲ್ಲಿ ಇನ್ನೂ ಫಿಲ್ಮ್ ಉಳಿದಿತ್ತಲ್ಲ, ತಾಜುನ್ನಿಸಾ ಅದೇನು ಮನಸ್ಸು ಬಂತೋ, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ, ಬೇಕಾದರೆ ನಂದೂ ತೆಗೀರಿ ಎಂದಳಂತೆ ಗಂಡನಿಗೆ. ಮೂರೋ ನಾಲ್ಕೋ ತೆಗೆದಿದ್ದರು. ಅಷ್ಟರಲ್ಲಿ ಅವಳು ನಗು ತಡೆಯಲಾಗದೆ ಒಳಗೆ ಓಡಿದಳು. ರೋಲ್ ಮುಗಿಯುವ ಮುಂಚೆ ತೊಳೆದು ಚಿತ್ರ ಮೂಡಿಸುವುದು ಹಳೆ ಸ್ಟುಡಿಯೋದವರ ಪದ್ಧತಿಯಲ್ಲ. ಇನ್ನೊಂದು ದಿನ ಒಪ್ಪುತ್ತಾಳೆ, ಆಗ ಮುಗಿಸೋಣ ಎಂದು ಲಾಲ್ ಅಹ್ಮದರು ಕ್ಯಾಮೆರಾವನ್ನು ಹಾಗೇ ಇಟ್ಟರು. ಕೊರೊನಾ ಎರಡನೇ ಸಲ ಬಂದಾಗ ತಾಜುನ್ನಿಸಾ ಹೋಗಿಬಿಟ್ಟಳು.

ಹೊರಗೆ ಕೊಟ್ಟು ತೊಳೆಸಬಹುದಿತ್ತು. ಆದರೆ ಅವಳು ಮುಖ ಕೊಟ್ಟದ್ದು ಗಂಡನಿಗೆ, ಹೈದರಾಬಾದಿನ ಲ್ಯಾಬಿನ ಅಪರಿಚಿತರಿಗಲ್ಲ. ತಾನೇ ತೊಳೆಯಬೇಕು ಎಂಬುದು ಅವರ ಹಟ. ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಯುವ ಕೆಮಿಕಲ್ ಮುಗಿದು ಎಷ್ಟೋ ಕಾಲವಾಗಿತ್ತು. ಹೀಗಾಗಿ ನಮ್ಮವರನ್ನು ಕೇಳಿದರು: "ಹೈದರಾಬಾದಿಗೆ ಹೋಗ್ತಿರ್ತೀರಲ್ರಿ. ಡೆವಲಪರ್, ಹೈಪೋ ಸಿಕ್ರ ತರ್ರಿ." ಯಾಕೆ ಎಂದು ಹೇಳಲಿಲ್ಲ. ಇವರೂ ಕೇಳಲಿಲ್ಲ, ಮುದುಕರ ಹುಚ್ಚು ಎಂದುಕೊಂಡರು. ಹೋದಾಗಲೆಲ್ಲ ಮರೆತರು. ಲೆನ್ಸ್ ಮರೆಯಲಿಲ್ಲ, ಲೆನ್ಸಿನ ಮುಚ್ಚಳ ಮರೆಯಲಿಲ್ಲ, ಚೀಲ ಹೊಲಿಸಲು ಚರ್ಮ ಮರೆಯಲಿಲ್ಲ. ಇದೊಂದನ್ನೇ ಮರೆತರು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಹೋದ ವರ್ಷ ಚಿತ್ತಾಪುರದಲ್ಲಿ ನಮ್ಮ ಬಳಗದವರ ತೊಟ್ಟಿಲ ಕಾರ್ಯಕ್ರಮವಿತ್ತು. ಊಟ ಮುಗಿಸಿ ಸ್ಟುಡಿಯೋಕ್ಕೆ ಹೋದೆವು. ಪೆಂಟಾಕ್ಸ್ ಚೀಲದಿಂದ ಹೊರಗೆ, ಝೆರಾಕ್ಸ್ ಮಶೀನಿನ ಪಕ್ಕದಲ್ಲಿತ್ತು. ಲಾಲ್ ಅಹ್ಮದರು ಯಾರದೋ ಪಹಣಿಯ ಪ್ರತಿ ತೆಗೆಯುತ್ತಿದ್ದರು.

"ಬರ್ರಿ, ಕುಂದ್ರಿ ಅಕ್ಕಾರ. ಕಲ್ಯಾಣಪ್ಪನೋರ, ಹೈಪೋ ತಂದೀರೇನ್ರಿ?"

"ಅಯ್ಯ, ಮರತೇ ಬಿಟ್ಟೆ ಚಾಚಾ. ಮುಂದಿನ ಸಲ ಪಕ್ಕಾ."

ಈ ಮಾತು ಆಡುವಾಗಲೇ ಇವರ ಕೈ ಕ್ಯಾಮೆರಾದ ಮೇಲಿತ್ತು. ಕ್ಯಾಮೆರಾ ಕೈಗೆ ಸಿಕ್ಕರೆ ಬೆನ್ನು ತೆರೆದು ಬೆಳಕಿಗೆ ಹಿಡಿಯುವುದು ಇವರ ಜಾತಿಯ ಜನರ ಚಟ. ಒಳಗಿನ ಪರದೆಗೆ ತೂತು ಬಿದ್ದಿದೆಯೋ ಎಂದು ನೋಡುತ್ತಾರೆ. ಆ ಪೆಂಟಾಕ್ಸಿನಲ್ಲಿ ಬೆನ್ನು ತೆರೆಯುವುದೂ ಅದೇ ಎಡಗಡೆಯ ಗುಂಡಿಯಿಂದ. ತಿರುಗಿಸಿದ್ದರೆ ಫಿಲ್ಮ್ ಇದೆಯೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಇವರು ತಿರುಗಿಸಲಿಲ್ಲ, ಮೇಲಕ್ಕೆ ಎಳೆದರು.

"ಅರೆ, ತೆರೀಬ್ಯಾಡ್ರಿ! ತಾಜು ಅದಾಳ ಅದರಾಗ!"

ಬಾಗಿಲು ತೆರೆದುಕೊಂಡಾಗಿತ್ತು. ಬೀದಿಯ ಬಿಸಿಲು ನೇರ ಒಳಗೆ ಬಿದ್ದಿತ್ತು. ಇವರು ಬೆಂಕಿ ಮುಟ್ಟಿದವರಂತೆ ಫಟ್ಟನೆ ಮುಚ್ಚಿದರು. ಲಾಲ್ ಅಹ್ಮದರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಪಹಣಿಗೆ ಬಂದವನು ನಮ್ಮೆಲ್ಲರ ಮುಖ ನೋಡಿ, ಕಾಗದ ಎತ್ತಿಕೊಂಡು ಹೊರಟುಹೋದ. ಆಗ ಮಾಳಿಗೆಯ ಕಥೆ ಹೊರಬಂತು. ಹೇಳಿ ಮುಗಿಸಿ ಅವರು ಅಂದದ್ದು, "ಬಿಡ್ರಿ. ನಿಮಗೇನ್ ಗೊತ್ತು," ಅಷ್ಟೇ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ರೈಲಿನಲ್ಲಿ ನಾನು ಬಿಡಲಿಲ್ಲ. "ಗುಂಡಿ ತಿರುಗಿಸ್ರಿ ಅಂತ ಊರಿಗೆಲ್ಲ ಬುದ್ಧಿ ಹೇಳ್ತೀರಿ. ರೋಲ್ ಕೊಟ್ಟವರೂ ನೀವೇ. ನಿಮ್ಮ ಕೈಗೆ ಯಾರು ಹೇಳಬೇಕ್ರಿ?" ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮಳಖೇಡ ದಾಟಿದ ಮೇಲೆ, "ಫಿಲ್ಮಿಂದು ಒಳಗಿನ ಸುತ್ತು ಉಳದಿರಬಹುದು ಉಮಾ," ಎಂದರು.

ಮರುದಿನ ರಜೆ ಹಾಕಿ ಹೈದರಾಬಾದಿಗೆ ಹೋದರು. ಡೆವಲಪರ್, ಹೈಪೋ ಎರಡನ್ನೂ ತಂದರು, ಬೇರೇನೂ ತರಲಿಲ್ಲ. ಅಷ್ಟು ಸುಲಭಕ್ಕೆ ಸಿಗುವ ಸಾಮಾನು ಅದು.

ಅವನ್ನು ಹಿಡಿದು ಮತ್ತೆ ಚಿತ್ತಾಪುರಕ್ಕೆ ಹೋದೆವು. ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಝೆರಾಕ್ಸ್ ಕಾಗದದ ಬಂಡಲುಗಳಿದ್ದವು. ನಾವಿಬ್ಬರೂ ಅವನ್ನು ಹೊರಗೆ ಹೊತ್ತೆವು. ಲಾಲ್ ಅಹ್ಮದರು ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮವರು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಯಾರೂ ತೆರೆಯದಂತೆ. ಒಳಗೆ ನೀರಿನ ಸದ್ದು ಬಹಳ ಹೊತ್ತು ಬಂತು.

ಹೊರಗೆ ಬಂದು ಅವರು ಹಸಿ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರು. ಫಿಲ್ಮಿಗೆ ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ. ಮೊದಲ ನಾಲ್ಕು ಚಿತ್ರ ಸುರುಳಿಯ ಒಳಗಿನ ಸುತ್ತಿನಲ್ಲಿದ್ದವು, ಅವು ಉಳಿದಿದ್ದವು. ಐದನೆಯದರಲ್ಲಿ ಮಾಳಿಗೆಯ ಗೋಡೆ, ಒಣಹಾಕಿದ ಸೀರೆಯ ಒಂದು ಅಂಚು. ಆಮೇಲೆ ಬರೀ ಕಪ್ಪು.

"ನಿಮ್ಮವು ಛಂದ ಬಂದಾವ್ರಿ ಕಲ್ಯಾಣಪ್ಪನೋರ," ಎಂದರು ಲಾಲ್ ಅಹ್ಮದರು.

ಅದರಲ್ಲಿ ಕುಹಕವಿರಲಿಲ್ಲ. ಗಿರಾಕಿಗೆ ಹೇಳುವ ಹಾಗೇ ಹೇಳಿದರು. ಆಮೇಲೆ ಲಾಲ್ ಅಹ್ಮದರು ನನ್ನ ಕಡೆ ತಿರುಗಿದರು.

"ಅಕ್ಕಾರ, ನೀವು ಅಕಿನ್ನ ನೋಡೀರಿ. ನಕ್ಕರ ಗಲ್ಲಕ್ಕ ಕುಳಿ ಬೀಳ್ತಿತ್ತಲ್ರಿ. ಯಾವ ಕಡೀಗಿತ್ತು? ನನಗ ಈಗೀಗ ಗುಮಾನಿ ಆಗಾಕತ್ತದ."

ನಾನು ಚಹಾ ಕುಡಿದದ್ದು ನೆನಪಿತ್ತು, ನಕ್ಕದ್ದು ನೆನಪಿತ್ತು. ಅವಳು ಸೆರಗು ಒತ್ತಿಕೊಂಡಿದ್ದಳಲ್ಲ, ಗಲ್ಲ ನೆನಪಾಗಲಿಲ್ಲ. ಬಲಗಡೆ ಎಂದು ಸುಳ್ಳು ಹೇಳಿದೆ. "ಹೌದ್ರಿ, ಬಲಗಡೀನೇ," ಎಂದು ಅವರು ತಲೆಯಾಡಿಸಿದರು.

ನಾವು ಹೊರಡುವಾಗ ಲಾಲ್ ಅಹ್ಮದರು ಪೆಂಟಾಕ್ಸನ್ನು ತಾವೇ ಚೀಲಕ್ಕೆ ಹಾಕಿ ಇವರ ಕೈಗಿತ್ತರು. ಇವರು ಬೇಡವೆಂದು ಕೈ ಮುಗಿದರು, ಕಣ್ಣೀರು ಹಾಕಿದರು. "ಒಯ್ರಿ. ಇನ್ನ ಇದರಾಗ ನಂದೇನದ," ಎಂದರು ಅವರು. ಅಷ್ಟು ವರ್ಷ ಬೆನ್ನು ಹತ್ತಿ ಬೇಡಿದ್ದು ಹೀಗೆ ಕೈಗೆ ಬಂತು. ಕಪಾಟಿನಲ್ಲಿ ಚೀಲದ ಸಮೇತ ಇದೆ. ಇವರು ಅದರ ಗುಂಡಿ ಮುಟ್ಟಿಲ್ಲ. ಹೈದರಾಬಾದಿನ ಬಜಾರಿಗೂ ಹೋಗಿಲ್ಲ, ಗುಂಪಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವುದಿಲ್ಲ. ಭಾನುವಾರ ಚಿತ್ತಾಪುರಕ್ಕೆ ಹೋಗಿ ಸುಮ್ಮನೆ ಕುಳಿತು ಬರುತ್ತಾರೆ.

ರೋಲ್ ತೊಳೆದ ಮೇಲೆ ಗಿರಾಕಿಗೆ ಪ್ರಿಂಟ್ ಕೊಡದೆ ಕಳಿಸಿದವರಲ್ಲ ಲಾಲ್ ಅಹ್ಮದರು. ಕಲಬುರಗಿಯಲ್ಲಿ ಮಾಡಿಸಿ, ಕಟ್ಟು ಹಾಕಿಸಿ, ಒಂದು ಭಾನುವಾರ ಇವರ ಕೈಗೇ ಕೊಟ್ಟು ಕಳಿಸಿದರು. ಮಾಸಿದ ತೋಟದ ಮುಂದೆ ನಮ್ಮವರು ಬಾಯ್ತುಂಬ ನಗುತ್ತ ನಿಂತಿದ್ದಾರೆ. ನಾನು ಗೋಡೆಗೆ ಹಾಕಲು ಹೋದೆ, ಇವರು ಮೊಳೆ ಹೊಡೆಯಲು ಬಿಡಲಿಲ್ಲ. ಫೋಟೋ ಬಹಳ ಚೆನ್ನಾಗಿ ಬಂದಿದೆ. ಅದನ್ನೇ ಇವರಿಗೆ ನೋಡಲಾಗುವುದಿಲ್ಲ.