ವೀರವ್ವನ ಮಾವಿನ ಗಿಡ

ದುಂಡಸಿಯ ವೀರವ್ವನ ಹಿತ್ತಲಿನಲ್ಲಿ ಬಿದ್ದ ಎಲೆ ಮಧ್ಯಾಹ್ನದವರೆಗೆ ಉಳಿದದ್ದಿಲ್ಲ. ಮದುವೆಯಾಗಿ ಬಂದಾಗಿನಿಂದ ಬೆಳಗೆದ್ದು ಮಾವಿನ ಗಿಡದ ಬುಡ ಗುಡಿಸಿ, ಕಸ ಒಟ್ಟಿ ಬೆಂಕಿ ಹಚ್ಚಿ, ಆಮೇಲೆಯೇ ಅವಳು ಚಹಾ ಕುಡಿಯುವುದು. ಆ ಗಿಡ ಈಚೆಗೆ ಸೊರಗಿತ್ತು. ಎಲೆ ಹಳದಿಯಾಗಿ, ಹೂವಾದರೂ ಕಾಯಿ ನಿಲ್ಲುತ್ತಿರಲಿಲ್ಲ.

ತಮ್ಮ ಚನ್ನೇಶ ಶಿಗ್ಗಾಂವದ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಬಂದು ನೋಡಿ, "ಅಕ್ಕಾ, ಗಿಡಕ್ಕ ಹೊಟ್ಟಿಗಿಲ್ಲ, ಗೊಬ್ಬರ ಹಾಕು" ಎಂದು ಅರ್ಧ ಚೀಲ ಇಳಿಸಿ ಹೋದ.

ಸೊಸೆ ನೀಲಾಂಬಿಕಾ ಹಂಸಭಾವಿಯವಳು. ಅವಳ ತವರಿನ ತೋಟದಲ್ಲಿ ಉದುರಿದ ಎಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. "ಗೊಬ್ಬರ ಬ್ಯಾಡ್ರಿ ಅತ್ತಿ. ನೀವು ಸುಡತೀರಲ್ಲ, ಅದ ಗಿಡದ ಊಟ. ಬುಡಕ್ಕ ಎಲಿ ಮುಚ್ಚಿ ಬಿಡ್ರಿ, ನೆಲಾ ತಂಪಿರತೈತಿ" ಎಂದಳು.

ವೀರವ್ವನಿಗೆ ಇಬ್ಬರದೂ ಸರಿ ಅನ್ನಿಸಿತು. ತೊಂದರೆ ಶುರುವಾದದ್ದೇ ಅಲ್ಲಿ. ಒಬ್ಬ ಒಡಹುಟ್ಟಿದವನು, ಇನ್ನೊಬ್ಬಳು ದಿನಾ ಒಂದೇ ಒಲೆಯ ಮುಂದಿರುವವಳು.

ಮೊದಲು ತಮ್ಮನ ಮಾತು ಕೇಳಿದಳು. ಸುಡುಬಿಸಿಲಲ್ಲಿ, ಒಣಮಣ್ಣಿಗೆ, ಕಾಂಡದ ಬೊಡ್ಡೆಗೇ ಹತ್ತಿಸಿ ಬುಟ್ಟಿ ತುಂಬ ಗೊಬ್ಬರ ಸುರಿದಳು. ಸ್ವಲ್ಪ ದಿನಕ್ಕೆ ಎಲೆಗಳ ಅಂಚು ಸುಟ್ಟಂತಾಯಿತು. ಹೆದರಿ ಕೊಡಗಟ್ಟಲೆ ನೀರು ಹಾಕಿದಳು. ಆಮೇಲೆ ಸೊಸೆಯ ದಾರಿ ಹಿಡಿದು, ಸಿಕ್ಕ ಎಲೆಯನ್ನೆಲ್ಲ ಬೊಡ್ಡೆಯ ಸುತ್ತ ಮೊಳಕಾಲೆತ್ತರ ಒಟ್ಟಿದಳು. ಆ ಕಸ ಕಂಡಾಗಲೆಲ್ಲ ಗುಡಿಸಲು ಕೈ ಕಡಿಯುತ್ತಿತ್ತು.

ಪಕ್ಕದ ಮನೆಯ ನುಜಹತ ಗೋಡೆಯಾಚೆಯಿಂದ, "ಯಾಕ್ರಿ ವೀರವ್ವ, ಆರಾಮಿಲ್ಲೇನ್ರಿ? ಗುಡಿಸೇ ಇಲ್ಲ" ಎಂದಳು.

ಮಳೆ ಹಿಡಿದ ಮೇಲೆ ಎಲೆ ಸರಿಸಿ ನೋಡಿದರೆ ತೊಗಟೆಗೆ ಗೆದ್ದಲು. ಎರಡನ್ನೂ ಮಾಡಿದ್ದಾಗಿತ್ತು, ಎರಡೂ ಕೆಟ್ಟಿದ್ದವು. ಕೊನೆಗೆ ತಮ್ಮನನ್ನು ಕರೆಸಿ, ಸೊಸೆಯನ್ನೂ ಗಿಡದ ಹತ್ತಿರ ನಿಲ್ಲಿಸಿದಳು.

"ಒಣನೆಲಕ್ಕ, ಬೊಡ್ಡಿಗೇ ಹಾಕು ಅಂತ ನಾ ಎಲ್ಲಿ ಹೇಳೇನಿ?" ಎಂದ ಚನ್ನೇಶ.

"ಬೊಡ್ಡಿಗೆ ತಾಗಿಸಿ ಒಟ್ಟರಿ ಅಂತ ನಾನೂ ಹೇಳಿಲ್ಲರಿ."

"ಇದನ್ನ ಆವಾಗ ಹೇಳಬೇಕಿತ್ತಿಲ್ಲೋ?" ಎಂದಳು ವೀರವ್ವ.

ಅಂದೇ ಮೂವರೂ ಕೂಡಿ ಗೆದ್ದಲು ಕೆರೆದು, ಬೊಡ್ಡೆಯಿಂದ ಗೇಣು ಬಿಟ್ಟು ಎಲೆಯನ್ನು ತೆಳ್ಳಗೆ ಹರಡಿದರು. ಟೊಂಗೆಗಳ ತುದಿಯ ಕೆಳಗೆ, ಹಸಿನೆಲದಲ್ಲಿ, ತಿಪ್ಪೆಗೊಬ್ಬರದ ಜೊತೆ ಅಂಗಡಿಯ ಗೊಬ್ಬರ ಸ್ವಲ್ಪವೇ ಹಾಕಿದರು.

ಮರುವರ್ಷ ಗಿಡ ಕೆಂಪು ಚಿಗುರು ಬಿಟ್ಟಿತು, ಕಾಯಿಗಳೂ ನಿಂತವು. ಗೊಬ್ಬರದಿಂದ ಎಂದು ಚನ್ನೇಶ, ಎಲೆಯಿಂದ ಎಂದು ನೀಲಾಂಬಿಕಾ. ತನ್ನ ಪೇರಲ ಗಿಡಕ್ಕೆ ಏನು ಮಾಡಲಿ ಎಂದು ನುಜಹತ ಕೇಳಿದಾಗ ವೀರವ್ವ ಗೋಡೆಯ ಹತ್ತಿರ ಬಂದಳು.

"ಯಾವುದು ಹತ್ತಿತೋ ನನಗಂತೂ ತಿಳಿದಿಲ್ಲವ್ವಾ. ಇಬ್ರನ್ನೂ ಕೂಡಿಸಿ ಕೇಳು. ಒಬ್ಬರನ್ನಷ್ಟ ಕೇಳಬ್ಯಾಡ."