ರೇಡಿಯೇಟರಿಗೆ ಒಂದು ಚಮಚ ಅರಿಶಿನ

ನಮ್ಮ ಜೀಪಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಮಾತಾಡುವವರಿಗೇನೂ ಬರವಿಲ್ಲ. ಅಂಕಲಿಯ ನಮ್ಮ ಓಣಿಯಲ್ಲಿ ದಿನಕ್ಕೊಬ್ಬರು "ಸರ್, ಇದನ್ನ ಗುಜರಿಗೆ ಯಾವಾಗ ಹಾಕ್ತೀರಿ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಅದು ನನ್ನ ನೌಕರಿಗಿಂತ ಹಳೆಯದು, ಒಪ್ಪಿದೆ. ಎಡಗಡೆ ಬಾಗಿಲು ಎರಡು ಸಲ ಬಡಿದರೆ ಮಾತ್ರ ಕೂಡುತ್ತದೆ, ಅದೂ ಒಪ್ಪಿದೆ. ಆದರೆ ಮಳೆಗಾಲದಲ್ಲಿ ಹೊಳೆಸಾಲಿನ ಎರೆಮಣ್ಣು ಕೆಸರಾದಾಗ ಇದೇ ಜನರ ಹೊಸ ಕಾರುಗಳು ಡಾಂಬರು ರಸ್ತೆಯ ಮೇಲೆ ನಿಂತಿರುತ್ತವೆ. ನಮ್ಮದು ನಾಲ್ಕೂ ಗಾಲಿ ತಿರುಗಿಸಿಕೊಂಡು ಹೊಲದ ಬದುವಿನವರೆಗೆ ಹೋಗಿ ನಿಲ್ಲುತ್ತದೆ. ಆಗ ಯಾರೂ ಗುಜರಿಯ ಮಾತು ಎತ್ತುವುದಿಲ್ಲ.

ವಾರವೆಲ್ಲ ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರವಿವಾರ ಜೀಪಿನ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತೇನೆ. ಗ್ರೀಸು ಹಚ್ಚುವುದು, ನಟ್ಟು ಬಿಗಿ ಮಾಡುವುದು, ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವುದು. "ರವಿವಾರ ನಮಗ ನಿಮ್ಮ ಕಾಲಷ್ಟ ಕಾಣ್ತಾವ್ರಿ, ಮಾರಿ ಸೋಮವಾರ ನೋಡಬೇಕು," ಎನ್ನುತ್ತಾಳೆ ಹೆಂಡತಿ. ಅವಳ ಮಾತಿನಲ್ಲಿ ಸುಳ್ಳೇನಿಲ್ಲ.

ಜೀಪಿನಲ್ಲಿ ನನ್ನ ಪಕ್ಕದ ಸೀಟು ಅವ್ವನದು. ಹೊಲಕ್ಕಾಗಲಿ, ಹೊಳೆಯಾಚೆ ಐನಾಪುರದಲ್ಲಿರುವ ಅವಳ ಅಕ್ಕನ ಮನೆಗಾಗಲಿ, ಸೆರಗು ಬಿಗಿದುಕೊಂಡು ಮೊದಲು ಹತ್ತಿ ಕೂಡುವವಳು ಅವಳೇ. ಅವ್ವನ ಬಗ್ಗೆ ಎರಡು ಸಂಗತಿ ಹೇಳಬೇಕು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಅನ್ನ ಹಾಗಿರಲಿ, ಒಂದು ಗುಟುಕು ನೀರೂ ಮುಟ್ಟುವುದಿಲ್ಲ. ಜಡ್ಡಿನಲ್ಲಿ ಮಲಗಿದಾಗಲೂ ಈ ನೇಮ ತಪ್ಪಿಲ್ಲ. ಎರಡನೆಯದು, ಬಡಿಸುವಾಗ 'ಸಾಕು' ಎಂಬ ಮಾತು ಅವಳ ಕಿವಿಗೆ ಬೀಳುವುದೇ ಇಲ್ಲ. ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕುತ್ತಾಳೆ. "ತಿಂದ್ರ ಏನ ಆಗತೈತಿ? ಬೆಳಿಯೂ ಮಗ!" ಎನ್ನುತ್ತಾಳೆ. ನನಗೆ ನಲವತ್ತೊಂಬತ್ತು.

ಹೋದ ವರ್ಷ ಜೀಪಿನ ರೇಡಿಯೇಟರ್ ತೊಟ್ಟಿಕ್ಕಲು ಶುರುವಾಯಿತು. ಮರುದಿನವೇ ಐನಾಪುರಕ್ಕೆ ಹೋಗುವುದಿತ್ತು. ಇದಕ್ಕೆ ನಮ್ಮ ಕಡೆಯ ಲಾರಿ ಡ್ರೈವರುಗಳದೊಂದು ಹಳೆಯ ಉಪಾಯವಿದೆ. ರೇಡಿಯೇಟರಿನ ನೀರಿಗೆ ಚೂರು ಅರಿಶಿನಪುಡಿ ಹಾಕಿದರೆ ಅದು ಉಬ್ಬಿ, ಸಣ್ಣ ತೂತಿಗೆ ಹೋಗಿ ಕೂತು, ಸೋರುವುದು ನಿಲ್ಲುತ್ತದೆ. ನಮ್ಮ ಹೊಲದ್ದೇ ಅರಿಶಿನ, ಮನೆಯಲ್ಲೇ ಕುಟ್ಟಿದ್ದು. ಅವ್ವನೇ ಡಬ್ಬಿ ತಂದುಕೊಟ್ಟಳು. ನಾನು ಒಂದು ಚಮಚ, ಅದೂ ತಲೆ ಸವರಿದ ಚಮಚ, ಅಳೆದು ಹಾಕಿದೆ. ಒಳಗಿನಿಂದ ಪಾನಾ ತಂದು ಪೈಪಿನ ನಟ್ಟು ಬಿಗಿ ಮಾಡಿ, ಗಾಡಿ ಚಾಲು ಮಾಡಿ ನೋಡಿದರೆ ತೊಟ್ಟಿಕ್ಕುವುದು ನಿಂತಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಹೋಗುವಾಗ ಏನೂ ಆಗಲಿಲ್ಲ. ಬರುವಾಗ, ಹೊಳೆಯ ಸೇತುವೆ ಇನ್ನೂ ದೂರವಿರುವಾಗಲೇ, ಬಾನೆಟ್ಟಿನಿಂದ ಹಬೆ ಎದ್ದಿತು. ಸಂಜೆ ಊಟಕ್ಕೆ ಮನೆ ಮುಟ್ಟುವ ಲೆಕ್ಕದಲ್ಲಿ ಹೊರಟಿದ್ದೆವು, ಜೊತೆಗೆ ತಿನ್ನಲು ಏನೂ ಇರಲಿಲ್ಲ. "ಐದು ನಿಮಿಷ ಅವ್ವಾ, ಆರಲಿ," ಎಂದೆ. ಆರಿತು, ಹೊರಟೆವು, ಮತ್ತೆ ಕುದಿಯಿತು. ಮತ್ತೆ ಐದು ನಿಮಿಷ ಎಂದೆ. ಹೀಗೆ ನಾಲ್ಕು ಸಲ ಐದು ನಿಮಿಷವಾಯಿತು. ಕೊನೆಗೆ ಅವ್ವನ ಕುಡಿಯುವ ನೀರಿನ ಬಾಟಲಿಯನ್ನೂ ರೇಡಿಯೇಟರಿಗೆ ಸುರಿದೆ. ಸುರಿದು ತಲೆ ಎತ್ತಿದರೆ ಹೊತ್ತು ಮುಳುಗಿತ್ತು.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಕೈಕಾಲು ತೊಳೆದು, ನೀರನ್ನೂ ಕುಡಿಯದೆ ಮಲಗಿದಳು. ನಾನು ಅರ್ಧ ರೊಟ್ಟಿಗೇ ಕೈ ತೊಳೆದೆ.

ಅಂದಿನಿಂದ ಅವ್ವ ಜೀಪು ಹತ್ತಲಿಲ್ಲ. "ನೀ ಹೋಗ್ಬಾ ತಮ್ಮಾ, ನನಗ ಮೊಣಕಾಲ ನೋಯಾಕತ್ತೈತಿ" ಎನ್ನುವುದು. ಐನಾಪುರಕ್ಕೆ ಹೋಗಬೇಕಾದರೆ ಅದೇ ಮೊಣಕಾಲು ಹಿಡಿದುಕೊಂಡು ಬಸ್ಸಿಗೆ ನಿಲ್ಲುವುದು. ಬಸ್ಸಿನ ಮೆಟ್ಟಿಲೂ ಎತ್ತರ. ಬರಬರುತ್ತ ಅಕ್ಕನ ಮನೆಗೆ ಹೋಗುವುದೇ ನಿಂತಿತು. ಇನ್ನೊಂದೂ ಆಯಿತು. ಊಟಕ್ಕೆ ಕೂತಾಗ ನಾನು ಸಾಕು ಎಂದರೆ ಅವ್ವ ಸುಮ್ಮನೆ ರೊಟ್ಟಿಯ ಬುಟ್ಟಿ ಆಚೆ ಇಡತೊಡಗಿದಳು. ಹೆಂಡತಿಯೇ ಮೊದಲು ಗಮನಿಸಿದ್ದು. "ಅತ್ತಿಯವರು ಈಗೀಗ ನಿಮಗ ಒತ್ತಾಯನ ಮಾಡಂಗಿಲ್ಲಲ್ರಿ. ಏನಾಗೈತಿ?" ಎಂದಳು. ಏನಾಗಿದೆ ಎಂದು ನನಗೆ ಗೊತ್ತಿತ್ತು. ಅವ್ವನಿಗೆ ನನ್ನ ಮೇಲೆ ಸಿಟ್ಟು ಇಳಿದಿರಲಿಲ್ಲ.

ಮಾತಿನಲ್ಲಿ ಕ್ಷಮೆ ಕೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಹೀಗಾಗಿ ಜೀಪಿನ ಮೂಲಕವೇ ಕೇಳಬೇಕೆಂದು ನಿರ್ಧರಿಸಿದೆ. ಅವ್ವ ಮತ್ತೆ ಆ ಸೀಟಿನಲ್ಲಿ ಕೂಡಬೇಕು, ನನಗೆ ಬೇಕಾದದ್ದು ಅಷ್ಟೇ.

ಮೊದಲ ರವಿವಾರ ರೇಡಿಯೇಟರ್ ಬಿಚ್ಚಿ ಚಿಕ್ಕೋಡಿಯ ಮಿಸ್ತ್ರಿಯ ಹತ್ತಿರ ಒಯ್ದೆ. ರೇಡಿಯೇಟರ್ ರಿಪೇರಿ ಬಿಟ್ಟು ಬೇರೆ ಕೆಲಸ ಮುಟ್ಟದ, ಬಾಯಿ ಬಹಳ ಇರುವ ಮನುಷ್ಯ. ಮೇಲಿನ ಟಾಕಿ ಬಿಚ್ಚಿ ಒಳಗೆ ಇಣುಕಿ ನನ್ನ ಮುಖ ನೋಡಿದ.

"ಸರ್, ಇದರಾಗ ಪಲ್ಯಾ ಮಾಡಾಕ ಹತ್ತಿದ್ರೇನ್ರಿ?"

"ಒಂದ ಚಮಚಾ ಅರಿಷಿಣ ಹಾಕಿದ್ನಿ," ಎಂದೆ.

"ಇದು ಚಮಚಾ ಅಲ್ರಿ! ನಳಿಗೋಳೆಲ್ಲಾ ಗಚ್ಚ ಆಗ್ಯಾವು. ಏನಿಲ್ಲಂದ್ರೂ ಎರಡ ಮುಟಗಿ ಐತಿ."

"ನಾ ಗಣಿತ ಕಲಸ್ತೀನಿ. ನನಗ ಅಳತಿ ಗೊತ್ತೈತಿ."

"ಹಂಗಾರ ಹುಡುಗೂರ್ನ ದೇವರ ಕಾಪಾಡಬೇಕ್ರಿ," ಎಂದ.

ಸಿಟ್ಟು ನೆತ್ತಿಗೇರಿತು. ಆದರೆ ಆ ಊರಲ್ಲಿ ಅವನಷ್ಟು ಚೊಕ್ಕ ಕೆಲಸ ಮಾಡುವವನು ಇನ್ನೊಬ್ಬನಿಲ್ಲ, ನುಂಗಿಕೊಂಡೆ. ಒಂದೊಂದೇ ನಳಿಗೆಗೆ ತಗಡಿನ ಪಟ್ಟಿ ತೂರಿಸಿ ಅವನು ಹಳದಿ ಕೆಸರು ತೆಗೆಯುವುದನ್ನು ನೋಡುತ್ತ ನಿಂತೆ. ನನ್ನ ಒಂದು ಚಮಚ ಇಷ್ಟೊಂದು ಆದದ್ದು ಹೇಗೆಂದು ಲೆಕ್ಕ ಹತ್ತಲಿಲ್ಲ. ಉಬ್ಬಿರಬೇಕು ಎಂದುಕೊಂಡೆ.

ಆಮೇಲಿನ ರವಿವಾರಗಳು ಅವ್ವನ ಸೀಟಿಗೆ ಹೋದವು. ಹೊಸ ಹೋಸ್ ಪೈಪು, ಹೊಸ ಬೆಲ್ಟು ಹಾಕಿದೆ. ನೀರು ಎಷ್ಟು ಕಾದಿದೆ ಎಂದು ತೋರಿಸುವ ಹೊಸ ಗೇಜನ್ನು ನನ್ನ ಕಣ್ಣೆದುರೇ ಕೂರಿಸಿದೆ. ಗಾಲಿಗಳ ಮೇಲಿನ, ಬಿರುಸಾಗಿದ್ದ ಸ್ಪ್ರಿಂಗ್ ಪಾಟಾಗಳನ್ನು ಬಿಚ್ಚಿ, ಪದರು ಪದರಿಗೂ ಗ್ರೀಸು ಹಚ್ಚಿ ಮತ್ತೆ ಕಟ್ಟಿದೆ, ಸೊಂಟಕ್ಕೆ ಏಟು ಬೀಳಬಾರದೆಂದು. ಸೀಟಿಗೆ ದಪ್ಪ ಫೋಮು ಹಾಕಿಸಿದೆ. ಎಡಗಡೆ ಬಾಗಿಲ ಕೆಳಗೆ ಕಬ್ಬಿಣದ ಪಾವಟಿಗೆಯೊಂದನ್ನು ವೆಲ್ಡಿಂಗ್ ಮಾಡಿಸಿದೆ. ಅವ್ವ ಹೊಸ್ತಿಲು ದಾಟುವಾಗ ಕಾಲು ಎಷ್ಟು ಎತ್ತುತ್ತಾಳೆ ಎಂದು ಕದ್ದು ನೋಡಿ ಅದರ ಎತ್ತರ ಗುರುತು ಹಾಕಿಕೊಂಡಿದ್ದೆ. ಹತ್ತುವಾಗ ಹಿಡಿಯಲು ಒಂದು ಹಿಡಿಕೆಯನ್ನೂ ಕೂರಿಸಿದೆ. ಅವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಎಲ್ಲವನ್ನೂ ನೋಡುತ್ತಿದ್ದಳು. ನಾನು ತಲೆ ಎತ್ತಿದರೆ ಮೊರದ ಕಡೆ ನೋಡುತ್ತಿದ್ದಳು. ಹತ್ತಿರ ಮಾತ್ರ ಬರಲಿಲ್ಲ.

ಕೊನೆಗೆ ದಾರಿ ತೆಗೆದವಳು ದೊಡ್ಡವ್ವ, ಅವ್ವನ ಐನಾಪುರದ ಅಕ್ಕ. ಅವಳಿಗೆ ಮಿರಜಿನಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ಮೇಲೆ ಫೋನು ಮಾಡಿದಳು.

"ಕಣ್ಣ ಚೊಲೊ ಕಾಣಾಕತ್ತಾವ ಬೇ. ಎಲ್ಲಾರ್ನೂ ನೋಡೀನಿ, ನಿನ್ನ ಒಬ್ಬಾಕಿನ್ನ ನೋಡಿಲ್ಲ. ಬರ್ತಿಯೋ ಇಲ್ಲೋ?"

ಆ ರವಿವಾರ ಬೆಳಿಗ್ಗೆ ನಾನು ಜೀಪು ಒರೆಸುತ್ತಿದ್ದಾಗ ಅವ್ವ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ನೀರಿನ ಕ್ಯಾನು. ಪಾವಟಿಗೆಯ ಮೇಲೆ ಕಾಲಿಟ್ಟಳು, ಹಿಡಿಕೆ ಹಿಡಿದಳು, ಕೂತಳು. ನಾನು ಏನೂ ಆಗದವನ ಹಾಗೆ ಬಾಗಿಲು ಹಾಕಿದೆ. ಅದು ಎರಡನೇ ಸಲಕ್ಕೆ ಕೂಡಿತು.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ಹಿಡಿದು ನೋಡಿದರು. "ಎಷ್ಟ ಮುದುಕಿ ಆಗೀಯಲ್ಲ!" ಎಂದಳು ದೊಡ್ಡವ್ವ. ಇಬ್ಬರೂ ನಕ್ಕರು, ಇಬ್ಬರೂ ಕಣ್ಣು ಒರೆಸಿಕೊಂಡರು. ಹಿಂದಿನ ಸಲದ ಅನುಭವಕ್ಕೆ ಹೆದರಿ ನಾನು ಬೇಗನೇ ಹೊರಡಿಸಿದೆ.

ಗೇಜಿನ ಮುಳ್ಳು ಇದ್ದಲ್ಲೇ ಇತ್ತು. ಆದರೆ ಹಣೆಬರಹ ನೋಡಿ, ಸೇತುವೆಯ ಹತ್ತಿರ ಕಬ್ಬಿನ ಟ್ರಾಕ್ಟರೊಂದರ ಹಿಂದಿನ ಟ್ರೇಲರ್ ಅಡ್ಡ ಬಿದ್ದು ರಸ್ತೆ ಬಂದ್ ಆಗಿತ್ತು. ನಮ್ಮ ಮುಂದೆ ಗಾಡಿಗಳ ಸಾಲು. ಹೊತ್ತು ಕೆಳಗೆ ಇಳಿಯುತ್ತಿತ್ತು. ನನಗೆ ತಲೆ ಕೆಟ್ಟು ಹಾರ್ನಿನ ಮೇಲೆ ಕೈ ಒತ್ತಿದೆ.

"ಯಾಕ ಒದರಸ್ತಿ? ಇಲ್ಲೇ ಉಂಡ್ರಾತು," ಎಂದು ಅವ್ವ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಡಬ್ಬಿಯ ಮುಚ್ಚಳವೇ ನನ್ನ ತಾಟಾಯಿತು, ಅವ್ವ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಉಂಡಳು. ಎರಡು ರೊಟ್ಟಿ ಉಂಡು "ಸಾಕವ್ವಾ" ಎಂದೆ. ಮೂರನೆಯ ರೊಟ್ಟಿ ಹಿಡಿದಿದ್ದ ಅವ್ವನ ಕೈ ನಡುವೆಯೇ ನಿಂತಿತು. ಆ ರೊಟ್ಟಿಯನ್ನು ತಿರುಗಿ ಡಬ್ಬಿಗೆ ಹಾಕಿದಳು.

"ತಮ್ಮಾ, ಒಂದ ಮಾತ ಹೇಳ್ತೀನಿ. ಸಿಟ್ಟ ಆಗಬ್ಯಾಡ."

"ಏನವ್ವಾ?"

"ಅವತ್ತ ನೀ ಅರಿಷಿಣ ಹಾಕಿ ಪಾನಾ ತರಾಕ ಒಳಗ ಹೋಗಿದ್ದೆಲ್ಲಾ? ಆವಾಗ ನಾ ಇನ್ನ ಎರಡ ಮುಟಗಿ ಹಾಕಿದ್ನಿ. ಅಷ್ಟ ದೊಡ್ಡ ಗಾಡಿಗೆ ಒಂದ ಚಮಚಾ ಎಲ್ಲಿ ಸಾಕಾಗತೈತಿ ಅನಸ್ತು." ಅವಳ ಕಣ್ಣು ತುಂಬಿದವು. "ನೀರ ಕುದಿಯೂದು ನೋಡಿದ ಕೂಡ್ಲೇ ನನಗ ಗೊತ್ತಾತು. ಹೇಳಾಕ ಬಾಯಿ ಬರಲಿಲ್ಲ. ಪ್ರತಿ ರವಿವಾರ ನೀ ಅದರ ಕೆಳಗ ಬೀಳೂದು ನೋಡಿ ನನ್ನ ನಾನ ಬೈಕೋತಿದ್ನಿ. ನಾ ಹಾಕಿದ್ದೆಲ್ಲಾ ಹೆಚ್ಚ ಆಗತೈತಿ ತಮ್ಮಾ. ಅದಕ್ಕ ಗಾಡಿ ಹಂತ್ಯಾಕ ಬರೂದು ಬಿಟ್ನಿ, ನಿನಗ ಒತ್ತಾಯ ಮಾಡೂದೂ ಬಿಟ್ನಿ."

ಮೊದಲು ನೆನಪಾದದ್ದು ಆ ಮಿಸ್ತ್ರಿ. ನನ್ನ ಚಮಚ ಒಂದೇ ಚಮಚವಾಗಿತ್ತು, ಅಳತೆ ಸರಿಯಿತ್ತು! ನಗು ಬಂತು. ಇಷ್ಟು ತಿಂಗಳು ಅವ್ವನಿಗೆ ನನ್ನ ಮೇಲೆ ಸಿಟ್ಟೆಂದು ನಾನು ಪಾಟಾ ಬಿಚ್ಚಿದ್ದೆ, ಅವಳು ಅದೇ ಹೊತ್ತಿಗೆ ಕಟ್ಟೆಯ ಮೇಲೆ ಕೂತು ತನ್ನನ್ನೇ ಬೈದುಕೊಂಡಿದ್ದಳು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಮುಚ್ಚಳವನ್ನು ಅವಳ ಮುಂದೆ ಹಿಡಿದೆ.

"ಹಾಕವ್ವಾ, ಇನ್ನೊಂದ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿಗೆ ಕೈ ಹಾಕಿ ಎರಡು ರೊಟ್ಟಿ ಹಾಕಿದಳು.