ನೆಣದ ಇಂದ್ರಾಣಿ

ದೇವನೂರಿನಲ್ಲಿ ಬಸ್ಸಿಳಿದು ಇಂದ್ರಾಣಿಯ ಮನೆ ಎಲ್ಲಿ ಅಂದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ನೆಣದ ಇಂದ್ರಾಣಿ ಅಂದರೆ ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಹಂಗಿಸಲೆಂದು ಇಟ್ಟ ಹೆಸರು ಅದು. ಹಂಗಿಸಿದವರ ಬಾಯಿ ನೋಯಿತೇ ಹೊರತು ಅವಳು ಒಂದು ದಿನವೂ ತಲೆ ತಗ್ಗಿಸಲಿಲ್ಲ.

ನರಸೀಪುರದ ಕಡೆಯ ಹುಡುಗಿ, ಬಸ್ಸಿನಲ್ಲಿ ನೇತಾಡಿಕೊಂಡೇ ಮೈಸೂರಿಗೆ ಹೋಗಿ ಬಿ.ಎಸ್ಸಿ. ಮುಗಿಸಿದವಳು. ದೇವನೂರಿಗೆ ಸೊಸೆಯಾಗಿ ಬಂದ ಮೇಲೆ ನಂಜನಗೂಡಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹೊರದೇಶಕ್ಕೆ ಹೋಗುವ ಮಾಂಸವನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಕುರಿಗೆ ಚುಚ್ಚಿದ ಔಷಧಿ, ಮೈಗೆ ಉಜ್ಜಿದ ಕೀಟನಾಶಕ ಎಷ್ಟೋ ಸಲ ಅದರ ಕೊಬ್ಬಿನಲ್ಲಿ, ಅಂದರೆ ನೆಣದಲ್ಲಿ, ಹೋಗಿ ಕೂತುಬಿಡುತ್ತದೆ. ಆ ನೆಣವನ್ನು ಕರಗಿಸಿ, ಸೋಸಿ, ಯಂತ್ರಕ್ಕೆ ಕೊಟ್ಟು, ವಿಷ ಇದೆಯೋ ಇಲ್ಲವೋ ಹೇಳುವುದು ಇಂದ್ರಾಣಿಯ ಕೆಲಸ. 'ಊರೋರೆಲ್ಲ ಬಾಡು ಬೇಯಿಸುದ್ರೆ ನನ್ ಸೊಸೆ ಬರೀ ನೆಣ ಬೇಯಿಸ್ತಳೆ' ಎಂದು ಅತ್ತೆ ದೊಡ್ಡಮ್ಮ ನಗುತ್ತಿದ್ದಳು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಕೇರಿಯವರು ಸೇರಿ ಕುರಿಗಳನ್ನು ಕೊಂಡು, ಕೊಯ್ದು, ಮನೆಗೊಂದರಂತೆ ಬಾಳೆ ಎಲೆ ಹಾಸಿ ಗುಡ್ಡೆ ಹಾಕುತ್ತಾರೆ. ಬಾಡು, ಈಲಿ, ಮೂಳೆ, ನೆಣ, ಎಲ್ಲ ಕುರಿಯದ್ದೂ ಎಲ್ಲ ಗುಡ್ಡೆಗೂ ಬೀಳಬೇಕು. ಗುಡ್ಡೆ ಬೀಳುವ ಮುಂಚೆ ಯಾರೂ ಒಂದು ಚೂರೂ ಎತ್ತುವಂತಿಲ್ಲ. ಗುಡ್ಡೆ ಇಲ್ಲದ ಮನೆ ಕೇರಿಯ ಮನೆಯೇ ಅಲ್ಲ.

ಆ ವರ್ಷ, ತೊಂಬತ್ತೊಂಬತ್ತರಲ್ಲಿ, ದೊಡ್ಡಮ್ಮ ನೆಣ ಕಾಯಿಸಿ ಬಿಸಿ ಮುದ್ದೆಯ ಮೇಲೆ ಸುರಿದು ಮೊಮ್ಮಗಳು ಬಿಂದುಶ್ರೀಗೆ ತಿನ್ನಿಸುತ್ತಿದ್ದಳು. ರಕ್ತ ಹೀರುವ ಉಣ್ಣೆ ಹುಳ ಹತ್ತಿದ ಕುರಿಗೆ ಕೇರಿಯಲ್ಲಿ ಗಮಾಕ್ಸಿನ್ ಎಂಬ ಹುಳದ ಪುಡಿ ಉಜ್ಜುವುದು ಇಂದ್ರಾಣಿಗೆ ಗೊತ್ತಿತ್ತು. ಸರ್ಕಾರ ಬೇಡವೆಂದ ಮೇಲೂ ಅಟ್ಟದ ಡಬ್ಬಗಳಲ್ಲಿ ಅದು ಮುಗಿದಿರಲಿಲ್ಲ. ಮಗುವಿನ ಬಾಯಿಯ ಮುಂದಿದ್ದ ತಟ್ಟೆಯನ್ನು ಸೆಳೆದುಕೊಂಡಳು. ಮಿಕ್ಕ ನೆಣವನ್ನು ಲ್ಯಾಬಿಗೆ ಒಯ್ದಳು. ಪುಡಿಯ ವಿಷ ಅದರಲ್ಲಿ ಧಾರಾಳವಾಗಿತ್ತು.

ಕೇರಿಯ ಮುಂದೆ ಹೇಳಿದಳು. ಗುಡ್ಡೆ ಹಾಕಿಸುವ ಯಜಮಾನ ಪುಟ್ಟರಾಜು ಕೇಳಿದ್ದು ಒಂದೇ ಮಾತು: 'ಯಾರ ಕುರಿ, ಯೋಳಮ್ಮಿ?'

ಎಲ್ಲ ಕುರಿಯ ನೆಣವೂ ಕಲೆತ ಗುಡ್ಡೆಯಿಂದ ತಂದ ತುಂಡು. ಯಾರದೆಂದು ಹೇಳುವುದು? ಒಂದೊಂದು ಕುರಿಯ ನೆಣವನ್ನು ಬೇರೆ ಬೇರೆ ತರದೆ ತಪ್ಪು ಮಾಡಿದೆ ಎಂದು ಅವಳಿಗೆ ಅಲ್ಲೇ ಹೊಳೆಯಿತು. ಪುಟ್ಟರಾಜು ಬಿಡಲಿಲ್ಲ. 'ಕೇರಿ ಗುಡ್ಡೆಗೇ ವಿಸ ಅಂದ್ಬುಟ್ಟಲ್ಲ! ತಪ್ಪಾಯ್ತು ಅನ್ನೋಗಂಟ ನಿಮ್ಮನೆಗೆ ಗುಡ್ಡೆ ಇಲ್ಲ.'

ಮಾವ ಮಹದೇವಯ್ಯ ನಾಚಿಕೆಯಿಂದ ಕುಗ್ಗಿಹೋದ. 'ತಪ್ಪಾಯ್ತು ಅಂತ ಒಂದ್ ಮಾತ್ ಅಂದ್ಬುಡವ್ವ' ಎಂದು ಅಂಗಲಾಚಿದ.

'ಸುಳ್ ಯೋಳಿದ್ರೆ ಅಂತಿದ್ದೆ ಮಾವ. ಯೋಳಿಲ್ವಲ್ಲ.'

ಮರುವರ್ಷದ ಹೊಸತೊಡಕಿಗೆ ಎಲೆಗಳ ಸಾಲಿನಲ್ಲಿ ಅವರ ಮನೆಯ ಎಲೆ ಇರಲಿಲ್ಲ. ಆದರೆ ಮಹದೇವಯ್ಯ ಸಾಕಿದ ಟಗರನ್ನು ಕೇರಿ ಕೊಂಡಿತ್ತು. ಕೇರಿಯನ್ನು ಒಲಿಸಿಕೊಳ್ಳಲು ತನ್ನ ಹಟ್ಟಿಯ ಒಳ್ಳೆಯದನ್ನೇ ಅವನು ಕೊಟ್ಟಿದ್ದ. ಇಂದ್ರಾಣಿ ಬಂದವಳೇ ಸಾಲಿನ ಕೊನೆಗೆ ತನ್ನ ಎಲೆ ಹಾಸಿದಳು. ಚೀಲದಿಂದ ಗಾಜಿನ ಬಾಟಲಿಗಳನ್ನು ತೆಗೆದಳು.

'ನಮ್ ಕುರಿ ಬೇಕು, ನಮ್ ಎಲೆ ಬ್ಯಾಡ್ವ ಪುಟ್ಟರಾಜಣ್ಣ? ಯಾರ ಕುರಿ ಅಂತ ಕೇಳಿದ್ರಲ್ಲ. ಒಂದೊಂದು ಕುರಿದೂ ಬೇರೆ ಬೇರೆ ನೆಣ ಬೇಕು. ಈಗ್ಲೇ, ಗುಡ್ಡೆ ಬೀಳಕ್ ಮುಂಚೆ.'

'ಸಂಪ್ರದಾಯ ಮುರೀತೀಯ?'

'ಮುರೀತೀನಿ. ಇಲ್ದಿದ್ರೆ ಕೇಳ್ಬಾರ್ದಿತ್ತು ನೀವು.'

ಪುಟ್ಟರಾಜು ಪಕ್ಕಕ್ಕೆ ಸರಿದ. ಕುರಿ ಕೊಯ್ಯುವವನು ಪಿಳಿಪಿಳಿ ನೋಡುತ್ತಿದ್ದಂತೆ ಅವನ ಕೈಯಿಂದಲೇ ತುಂಡುಗಳನ್ನು ಈಸಿಕೊಂಡಳು. ಅವಳ ಎಲೆಯ ಮೇಲೆ ಮಾತ್ರ ಏನೂ ಬೀಳಲಿಲ್ಲ. ಬರಿ ಎಲೆಯನ್ನೇ ಮಡಚಿಕೊಂಡು ಮನೆಗೆ ನಡೆದಳು.

ಯಂತ್ರ ಈ ಸಲ ಕುರಿಯನ್ನೂ ತೋರಿಸಿಕೊಟ್ಟಿತು. ಬೇರೆ ಕುರಿಗಳಲ್ಲಿ ಚೂರುಪಾರು ಇತ್ತು. ವಿಷ ತುಂಬಿದ್ದು ಒಂದರಲ್ಲಿ, ಮಾವನ ಟಗರಿನಲ್ಲಿ. ಒಂದೂ ಉಣ್ಣೆ ಹುಳ ಇಲ್ಲದೆ ಕೇರಿಯ ಕಣ್ಣಿಗೆ ಚೆಂದ ಕಾಣಲೆಂದು ವಾರಗಟ್ಟಲೆ ಅದರ ಮೈಗೆ ಪುಡಿ ಉಜ್ಜಿದ್ದನೆಂದು ಆಮೇಲೆ ತಿಳಿಯಿತು. ಯಂತ್ರದ ಅಂಕಿ ನೋಡಿದಾಗ ಇಂದ್ರಾಣಿ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತಳು. ಮುಚ್ಚಿಟ್ಟರೆ ಮಾವನ ಮಾನ ಉಳಿಯುತ್ತದೆ, ಮುಂದಿನ ವರ್ಷವೂ ಮಕ್ಕಳ ಮುದ್ದೆಗೆ ಅದೇ ನೆಣ ಬೀಳುತ್ತದೆ.

ಮನೆಗೆ ಬಂದು ಮೊದಲು ಮಾವನಿಗೆ ಹೇಳಿದಳು. ಅವನು ಕೈ ಮುಗಿದ. 'ಬ್ಯಾಡ ಕಣವ್ವ, ನನ್ ಮಾನ ತಗೀಬ್ಯಾಡ.'

ಇಂದ್ರಾಣಿ ಆ ಮುಗಿದ ಕೈಗಳನ್ನು ಬಿಡಿಸಿ, ಹೊರಗೆ ಹೋಗಿ, ಹಿಂದಿನ ವರ್ಷ ನಿಂತ ಜಾಗದಲ್ಲೇ ನಿಂತು ಹೇಳಿದಳು: 'ಪುಟ್ಟರಾಜಣ್ಣ, ಯಾರ ಕುರಿ ಅಂದ್ರಲ್ಲ. ನಮ್ದೇ.'

ಮಹದೇವಯ್ಯ ವರ್ಷವಿಡೀ ಸೊಸೆಯ ಜೊತೆ ಮಾತಾಡಲಿಲ್ಲ. ಆದರೆ ಪುಡಿಯ ಡಬ್ಬ ಅಟ್ಟದಿಂದ ಇಳಿದುಹೋಯಿತು. ಹಟ್ಟಿಯಲ್ಲಿ ಕೂತು ಕುರಿಗಳ ಮೈಯ ಉಣ್ಣೆ ಹುಳಗಳನ್ನು ಕೈಯಲ್ಲೇ ಕಿತ್ತು ಕೆಂಡಕ್ಕೆ ಹಾಕುತ್ತಿದ್ದ.

ಮತ್ತೆ ಹೊಸತೊಡಕು ಬಂತು. ಸಾಲಿನಲ್ಲಿ ಅವರ ಎಲೆಯೂ ಇತ್ತು. ಯಾರು ಹಾಸಿದರೋ, ಯಾರೂ ಹೇಳಲಿಲ್ಲ. ಪುಟ್ಟರಾಜು ಗುಡ್ಡೆಗೆ ಕೈ ಹಾಕುವಷ್ಟರಲ್ಲಿ ಮಹದೇವಯ್ಯ ಅಡ್ಡ ಬಂದು, ಎಲ್ಲ ಕುರಿಯ ನೆಣವನ್ನೂ ಬೇರೆ ಬೇರೆ ಎತ್ತಿ ಸೊಸೆಯ ಬಾಟಲಿಗಳ ಪಕ್ಕದಲ್ಲಿಟ್ಟ.

'ಗುಡ್ಡೆಗೆ ಬಾಡು ಆಕ್ರಪ್ಪ. ನೆಣ ಆಕಂಗಿಲ್ಲ.'

'ಅಂಗಾರೆ ನೆಣ ಯಾವಾಗ ತಿನ್ನದು, ಮಾದೇವಣ್ಣ?'

'ನನ್ ಸೊಸೆ ಯೋಳ್ದಾಗ.'